ಟಿಯು-142, ಐಎಲ್-38, ಡಾರ್ನಿಯರ್‌ನಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಅಂಕೋಲಾ_ಹುಡುಗ

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಪಕ್ಕದಲ್ಲೇ ನೌಕಾಪಡೆಯ ಹಳೇ ಟಿಯು-142, ಅಂದರೆ ಸಮುದ್ರ ಕಾಯುವ, ಸಬ್‌ಮರೀನ್ ಹುಡುಕುವ ವಿಮಾನ ತಂದು ನಿಲ್ಲಿಸಿದ್ದಾರೆ, ಈ ಕಡೆಯವರೆಲ್ಲ ನೋಡಿರುತ್ತೀರಿ. ಅರಕ್ಕೋಣಂನಿಂದ ಬಿಚ್ಚಿ, ಲಾರಿಗಳ ಮೇಲೆ ಹೇರಿ ತಂದು ಇಲ್ಲಿ ಮತ್ತೆ ಜೋಡಿಸಿದ್ದು. ಅದನ್ನು ನೋಡಿದಾಗಿನಿಂದ ತಲೆಗೆ ಹುಳ ಬಿಟ್ಟ ಹಾಗಾಗಿದೆ.

ಉದ್ದ 53 ಮೀಟರ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್, ಇಂಥದ್ದೆಲ್ಲ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ನನಗೆ ಬೇಕಾಗಿರುವುದು ಅದಲ್ಲ. ಹತ್ತು ಹನ್ನೆರಡು ಗಂಟೆ ಸಮುದ್ರದ ಮೇಲೆ ಹಾರುತ್ತಾರೆ ಅಂತಾರಲ್ಲ, ಅಷ್ಟು ಹೊತ್ತು ಒಳಗೆ ಕೂತವರು ಏನು ಮಾಡುತ್ತಿದ್ದರು? ಊಟ, ನಿದ್ದೆ, ಬಾತ್‌ರೂಮು ಎಲ್ಲ ಹೇಗೆ? ನಿಜವಾಗಿ ಯಾವತ್ತಾದರೂ ಸಬ್‌ಮರೀನ್ ಸಿಕ್ಕಿತ್ತಾ?

ಇನ್ನೊಂದು. ನಮ್ಮ ಮಾವ ಇದೇ ವಿಮಾನ 1971ರಲ್ಲಿ ಕರಾಚಿ ಮೇಲೆ ಬಾಂಬ್ ಹಾಕಿದ್ದು ಅಂತ ಸಿಕ್ಕಿದವರಿಗೆಲ್ಲ ಹೇಳುತ್ತಾ ತಿರುಗುತ್ತಿದ್ದಾರೆ. ಹೌದಾ?

ಹಳೇ_ಏರ್‌ಕ್ರೂ

ಮೊದಲು ನಿಮ್ಮ ಮಾವನ ವಿಷಯ ಮುಗಿಸೋಣ. ಇಲ್ಲ. ಈ ವಿಮಾನ ನಮ್ಮ ದೇಶಕ್ಕೆ ಬಂದದ್ದೇ 1988ರಲ್ಲಿ. 1971ರಲ್ಲಿ ಕರಾಚಿ ಬಂದರಿಗೆ ಹೊಡೆದದ್ದು ಮಿಸೈಲ್ ಬೋಟುಗಳು. ಆಗ ನೌಕಾಪಡೆಯ ಹತ್ತಿರ ಇದ್ದ ಗಸ್ತು ವಿಮಾನ ಅಂದರೆ ವಿಕ್ರಾಂತ್ ಹಡಗಿನ ಮೇಲಿಂದ ಹಾರುತ್ತಿದ್ದ ಅಲಿಝೆ. ಮೂರೇ ಜನ ಕೂರುವ ಸಣ್ಣ ವಿಮಾನ ಅದು. ದೂರದ ಸಮುದ್ರ ಕಾಯುವ ಕೆಲಸ ವಾಯುಪಡೆಯದ್ದಾಗಿತ್ತು. ಏರ್ ಇಂಡಿಯಾ ಓಡಿಸಿ ಬಿಟ್ಟ ಸೂಪರ್ ಕಾನ್‌ಸ್ಟಲೇಶನ್ ವಿಮಾನಗಳಲ್ಲೇ ಅವರು ಆ ಕೆಲಸ ಮಾಡುತ್ತಿದ್ದರು. 1976ರಲ್ಲಿ ಅವು ನೌಕಾಪಡೆಗೆ ಬಂದವು. 312ನೇ ಸ್ಕ್ವಾಡ್ರನ್ ಶುರುವಾದದ್ದು ಹಾಗೆ. ಟಿಯು ಬಂದ ಮೇಲೆ ಅದೇ ಸ್ಕ್ವಾಡ್ರನ್‌ಗೆ ಸೇರಿತು. ಮೊದಲು ಗೋವಾದ ದಾಬೋಲಿಂ, 1992ರಲ್ಲಿ ಅರಕ್ಕೋಣಂನ ನೌಕಾನೆಲೆ ಐಎನ್‌ಎಸ್ ರಾಜಾಳಿ ಶುರುವಾದ ಮೇಲೆ ಅಲ್ಲಿಗೆ.

ನಾನು ತೊಂಬತ್ತರ ದಶಕದಲ್ಲಿ ಅಲ್ಲಿದ್ದವನು. ಊರು ಹಾಸನದ ಕಡೆ. ನೀರಿನಡಿಯ ಸದ್ದು ಹಿಡಿಯುವ ಸೋನೊಬಾಯ್ ಕೇಳುವ ಸೀಟು ನನ್ನದು.

ಬೀಚಿನಲ್ಲಿ ನಿಂತಿರುವ ವಿಮಾನ ನೋಡಿದರೆ ಗೊತ್ತಾಗದ್ದು ಅದರ ಸದ್ದು. ನಾಲ್ಕು ಇಂಜಿನ್, ಒಂದೊಂದೂ ಸುಮಾರು 15,000 ಅಶ್ವಶಕ್ತಿಯದ್ದು, ಒಂದೊಂದಕ್ಕೂ ಎರಡೆರಡು ಪ್ರೊಪೆಲರ್, ಅದೂ ಒಂದು ಈ ಕಡೆ ತಿರುಗಿದರೆ ಅದರ ಬೆನ್ನಿಗಿರುವುದು ಆ ಕಡೆ ತಿರುಗುತ್ತದೆ. ಆ ಸದ್ದು ಕಿವಿಗಿಂತ ಜಾಸ್ತಿ ಎದೆಗೂಡಿಗೆ ಬರುತ್ತಿತ್ತು. ಹೆಡ್‌ಫೋನ್ ಹಾಕಿದರೆ ಕಿವಿ ಬಚಾವ್, ಆದರೆ ಸೀಟಿನಿಂದ ಹತ್ತುವ ನಡುಕಕ್ಕೆ ಏನು ಹಾಕುತ್ತೀರಿ? ಇಳಿದ ಮೇಲೂ ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ ಅಂತ ಇರುತ್ತಿತ್ತು. ಈಗಲೂ ನಮ್ಮ ಮನೆಯಲ್ಲಿ ಟಿವಿ ವಾಲ್ಯೂಮಿನ ಜಗಳ ನಿಂತಿಲ್ಲ.

ಹತ್ತುವುದು ಮುಂದಿನ ಚಕ್ರದ ಗೂಡಿನೊಳಗಿಂದ, ಏಣಿ ಹಾಕಿಕೊಂಡು. ನಿಮ್ಮ ಕಾರವಾರದ ವಿಮಾನದಲ್ಲಿ ಮೂಗಿನ ಕೆಳಗೆ ಬಗ್ಗಿ ನೋಡಿ, ಆ ಗೂಡು ಕಾಣುತ್ತದೆ. ಅಪಾಯ ಬಂದರೆ ಧುಮುಕುವುದೂ ಅಲ್ಲಿಂದಲೇ. ಫೈಟರ್ ವಿಮಾನದ ಹಾಗೆ ಸೀಟು ಸಮೇತ ಹಾರಿಹೋಗುವ ವ್ಯವಸ್ಥೆ ಇಲ್ಲ. ಪ್ಯಾರಾಶೂಟ್ ಬೆನ್ನಿಗೆ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು. ಬಾಲದಲ್ಲಿ ಗನ್ ಹತ್ತಿರ ಕೂರುವವರದ್ದು ಬೇರೆಯೇ ಕ್ಯಾಬಿನ್. ಅವರ ಜೊತೆ ಮಾತು ಇಂಟರ್‌ಕಾಮ್‌ನಲ್ಲಿ ಮಾತ್ರ. ಒಂದೇ ವಿಮಾನದಲ್ಲಿ ಇಡೀ ದಿನ ಹಾರಿ, ಇಳಿದ ಮೇಲೆ ಮುಖ ನೋಡುವುದು.

ಅರಕ್ಕೋಣಂ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಂಜಿನ್ ಶುರುವಾಗುವ ಮೊದಲೇ ಓವರಾಲ್ ಒದ್ದೆ ಮುದ್ದೆ. ಮೇಲೆ ಹೋದ ಮೇಲೆ ಅದೇ ಬೆವರು ತಣ್ಣಗಾಗಿ ಹಲ್ಲು ಕಟಕಟ. ಊಟ ಅಂದರೆ ಪ್ಯಾಕೆಟ್. ಪೂರಿ, ಆಲೂ ಪಲ್ಯ, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ. ಬಾತ್‌ರೂಮ್ ಬಗ್ಗೆ ಕೇಳಿದ್ದೀರಿ. ಒಂದು ಡಬ್ಬ ಇತ್ತು ಅಂತ ಹೇಳಿ ಸುಮ್ಮನಾಗುತ್ತೇನೆ. ಅನುಭವಸ್ಥರು ಹಾರುವ ಹಿಂದಿನ ರಾತ್ರಿ ಲಘುವಾಗಿ ತಿನ್ನುತ್ತಿದ್ದರು. ಹೊಸಬರು ಒಂದೇ ಸಲಕ್ಕೆ ಕಲಿಯುತ್ತಿದ್ದರು.

ರಷ್ಯಾದ ಮೀಟರುಗಳು ಬೇರೆ. ಎತ್ತರ ಮೀಟರಿನಲ್ಲಿ, ವೇಗ ಕಿಲೋಮೀಟರಿನಲ್ಲಿ, ನೆಲದಿಂದ ದಾರಿ ಹೇಳುವ ಎಟಿಸಿಯವರು ಹೇಳುವುದು ಅಡಿಯಲ್ಲಿ. ಮೊದಲ ತಂಡದವರು 1987ರಲ್ಲಿ ಲಾಟ್ವಿಯಾದ ರಿಗಾಕ್ಕೆ ಹೋಗಿ ಕಲಿತು ಬಂದವರು. ಆಗ ಅದು ಇನ್ನೂ ಸೋವಿಯತ್ ಒಕ್ಕೂಟ. ಅವರು ರಷ್ಯನ್ ಭಾಷೆಯಲ್ಲೇ ಬೈಯುತ್ತಿದ್ದರು. ನಾವು ಆ ಬೈಗುಳಗಳನ್ನು ಮೊದಲು ಕಲಿತೆವು, ಸ್ವಿಚ್ಚುಗಳ ಹೆಸರು ಆಮೇಲೆ.

ವಾಸ್ಕೊ_ರಿಟರ್ನ್

ಟಿಯುದವರು ಬಂದ ಮೇಲೆ ಐಎಲ್‌ದವರು ಬಾಯಿ ಮುಚ್ಚಿಕೊಂಡು ಇರುವುದಕ್ಕಾಗುತ್ತದಾ ಮಾರಾಯ್ರೇ. ನಾನು ಕುಮಟಾದವನು, ದಾಬೋಲಿಂನಲ್ಲಿ 315ನೇ ಸ್ಕ್ವಾಡ್ರನ್. ಐಎಲ್-38 ಬಂದದ್ದು 1977ರಲ್ಲಿ, ಟಿಯುಗಿಂತ ಹನ್ನೊಂದು ವರ್ಷ ಮೊದಲು. ಕೊನೆಗೆ ಹೋದದ್ದೂ ಅವರ ಆಮೇಲೆಯೇ. ಟಿಯು 2017ರಲ್ಲಿ ನಿವೃತ್ತಿ, ನಮ್ಮದು 2023ರ ತನಕ ಹಾರಿತು. ಹಾಸನದ ಸರ್ ಇದನ್ನು ಹೇಳಲಿಕ್ಕೆ ಮರೆತರು, ನಾನು ನೆನಪು ಮಾಡಿದೆ ಅಷ್ಟೇ.

ನನ್ನ ಕೆಲಸ ಹೆಚ್ಚಾಗಿ ನೆಲದ ಮೇಲೆ. ಹಾರಿದವರ ಕಥೆ ಎಲ್ಲರೂ ಕೇಳುತ್ತಾರೆ, ತೊಳೆದವರ ಕಥೆ ಯಾರೂ ಕೇಳುವುದಿಲ್ಲ. ಹಾಗಾಗಿ ಹೇಳುತ್ತೇನೆ. ಸಮುದ್ರದ ಮೇಲೆ ನೂರಿನ್ನೂರು ಮೀಟರ್ ಎತ್ತರದಲ್ಲಿ ಹಾರಿದ ವಿಮಾನ ಉಪ್ಪು ಮೆತ್ತಿಕೊಂಡೇ ವಾಪಸ್ ಬರುತ್ತದೆ. ಗಾಜಿನ ಮೇಲೆ ಬೆರಳು ಎಳೆದರೆ ಬಿಳಿ ಗೀರು. ಹಾಗೇ ಬಿಟ್ಟರೆ ಅಲ್ಯೂಮಿನಿಯಂ ಒಳಗಿಂದ ತಿಂದುಹೋಗುತ್ತದೆ, ರಿವಿಟ್ ತಲೆಯ ಸುತ್ತ ಬಿಳಿ ಪುಡಿ ಏಳುತ್ತದೆ. ಆದ್ದರಿಂದ ಕ್ರೂ ಇಳಿದು ಚಹಾಕ್ಕೆ ಹೋದ ಮೇಲೆ ನಾವು ಸಿಹಿನೀರಿನ ಪೈಪ್ ಹಿಡಿದು ಶುರು. ಮೈ ತೊಳೆಯಬೇಕು, ಇಂಜಿನ್ನಿಗೂ ನೀರು ಕುಡಿಸಬೇಕು. ಬಾಗಿಲ ಸಂದು, ಚಕ್ರದ ಗೂಡು, ಆಂಟೆನಾ ಬುಡ, ಯಾವುದನ್ನೂ ಬಿಡುವ ಹಾಗಿಲ್ಲ. ಗೋವಾದ ಮಳೆಗಾಲದಲ್ಲಿ ಮೇಲಿಂದ ಮಳೆ, ಕೆಳಗಿಂದ ನಾವು ಪೈಪ್ ಹಿಡಿದು ತೊಳೆಯುವುದು. ನೋಡಿದವರು ಹುಚ್ಚರು ಅಂದುಕೊಳ್ಳಬೇಕು.

ಆಗಾಗ ಹಾರಿದ್ದೂ ಉಂಟು. ಐಎಲ್‌ನ ಬಾಲದಲ್ಲಿ ಉದ್ದ ಕೊಂಬಿನ ಹಾಗೆ ಒಂದು ಚಾಚಿಕೊಂಡಿದೆ, ಅದರೊಳಗಿರುವುದು ಮ್ಯಾಡ್. ನೀರಿನಡಿ ದೊಡ್ಡ ಉಕ್ಕಿನ ರಾಶಿ ಇದ್ದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಸಣ್ಣ ವ್ಯತ್ಯಾಸ ಹಿಡಿಯುತ್ತದೆ. ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ತೀರಾ ಕೆಳಗೆ ಇಳಿಯಬೇಕು, ಅದೇ ಜಾಗದ ಮೇಲೆ ತಿರುಗಿ ತಿರುಗಿ ಬರಬೇಕು. ಮಧ್ಯಾಹ್ನದ ಬಿಸಿಗಾಳಿಗೆ ವಿಮಾನ ಕುಲುಕುವುದು, ಒಂದು ರೆಕ್ಕೆ ಬಾಗಿಸಿ ಸುತ್ತುವುದು, ಒಳಗೆ ಸೀಮೆಎಣ್ಣೆ ವಾಸನೆ. ಯಾರ ಪೂರಿ ಯಾರಿಗೆ ವಾಪಸ್ ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಕೆಲವರು ಈಗ ದೊಡ್ಡ ಮನುಷ್ಯರಾಗಿದ್ದಾರೆ.

ಉಳಿದ ಹೊತ್ತು ಹಡಗು ಲೆಕ್ಕ ಹಾಕುವುದು. ರಾಡಾರಿನಲ್ಲಿ ಚುಕ್ಕೆ ಕಂಡರೆ ಹೋಗುವುದು, ಹಿಂದಿನಿಂದ ಬಂದು ಹಡಗಿನ ಹಿಂಭಾಗದಲ್ಲಿ ಬರೆದಿರುವ ಹೆಸರು, ಬಂದರಿನ ಹೆಸರು ಓದುವುದು. ಪನಾಮಾ, ಮನ್ರೋವಿಯಾ, ವಲೆಟ್ಟಾ, ಮತ್ತೆ ಪನಾಮಾ. ಫೋಟೊ ತೆಗೆಯುವುದು, ಬರೆದುಕೊಳ್ಳುವುದು, ಮುಂದಿನ ಚುಕ್ಕೆಗೆ ಹೋಗುವುದು. ಡೆಕ್ ಮೇಲೆ ಬಟ್ಟೆ ಒಣಗಿಸುತ್ತಿದ್ದವರು ಕೈ ಬೀಸುತ್ತಿದ್ದರು.

2002ರ ಅಕ್ಟೋಬರ್ 1 ಮಾತ್ರ ಮರೆಯುವುದಕ್ಕಾಗುವುದಿಲ್ಲ. ಸ್ಕ್ವಾಡ್ರನ್ನಿಗೆ 25 ವರ್ಷ ತುಂಬಿದ ದಿನ. ಆ ಹಾರಾಟದಲ್ಲೇ ನಮ್ಮ ಎರಡು ಐಎಲ್‌ಗಳು ಆಕಾಶದಲ್ಲಿ ಒಂದಕ್ಕೊಂದು ತಾಗಿದವು. ಒಳಗಿದ್ದ ಹನ್ನೆರಡೂ ಜನ ಹೋದರು, ಕೆಳಗೆ ನೆಲದ ಮೇಲಿದ್ದವರೂ ಸತ್ತರು. ಇದ್ದದ್ದೇ ಐದು ವಿಮಾನ, ಎಲ್ಲರೂ ಎಲ್ಲರಿಗೂ ಗೊತ್ತಿದ್ದವರು. ಜಾಸ್ತಿ ಬರೆಯಲಾರೆ.

ಅಂಕೋಲಾ_ಹುಡುಗ

ಇಬ್ಬರಿಗೂ ತುಂಬ ಥ್ಯಾಂಕ್ಸ್ ಸರ್. ಮಾವನಿಗೆ ತೋರಿಸಿದೆ, "ಅವರಿಗೇನು ಗೊತ್ತು" ಅಂದರು. ನೌಕಾಪಡೆಯಲ್ಲಿ ಇದ್ದವರಿಗೇ ಗೊತ್ತಿಲ್ಲವಂತೆ.

ಆದರೆ ಸಬ್‌ಮರೀನ್ ಪ್ರಶ್ನೆಗೆ ಇಬ್ಬರೂ ಉತ್ತರ ಹೇಳಲೇ ಇಲ್ಲ!

ಹಳೇ_ಏರ್‌ಕ್ರೂ

ಹೇಳಲಿಲ್ಲ, ಹೇಳುವುದೂ ಇಲ್ಲ. ಎಲ್ಲಿ, ಯಾವಾಗ, ಯಾರದ್ದು ಅನ್ನುವುದನ್ನು ಪಿಂಚಣಿ ಬಂದ ಮೇಲೂ ಮಾತಾಡುವ ಹಾಗಿಲ್ಲ. ಕೇಳುವುದು ಹೇಗಿರುತ್ತದೆ ಅಂತ ಬೇಕಾದರೆ ಹೇಳುತ್ತೇನೆ.

ಸೋನೊಬಾಯ್ ಅಂದರೆ ಉದ್ದನೆಯ ಕೊಳವೆ. ವಿಮಾನದಿಂದ ಬಿಟ್ಟರೆ ಸಣ್ಣ ಪ್ಯಾರಾಶೂಟ್ ಬಿಚ್ಚಿಕೊಂಡು ಇಳಿಯುತ್ತದೆ. ನೀರಿಗೆ ಬಿದ್ದ ಮೇಲೆ ಅದರ ಆಂಟೆನಾ ಮೇಲೆ ತೇಲುತ್ತದೆ, ಮೈಕು ಕೇಬಲ್ ಬಿಚ್ಚಿಕೊಳ್ಳುತ್ತಾ ಕೆಳಗೆ ಹೋಗುತ್ತದೆ. ಕೆಳಗೆ ಕೇಳಿದ್ದನ್ನು ಮೇಲೆ ರೇಡಿಯೋದಲ್ಲಿ ನಮಗೆ ಕಳಿಸುತ್ತದೆ. ಒಂದನ್ನೇ ಬಿಡುವುದಿಲ್ಲ, ಸಾಲಾಗಿ ಬಿಡುತ್ತೇವೆ. ಆಮೇಲೆ ಕಾಯುವುದು.

ಸಮುದ್ರದೊಳಗೆ ಮೌನ ಇರುತ್ತದೆ ಅಂದುಕೊಂಡಿದ್ದೆ, ಮೊದಲ ಸಲ ಹೆಡ್‌ಫೋನ್ ಹಾಕುವ ತನಕ. ತೀರದ ಹತ್ತಿರ ಒಂದು ಜಾತಿ ಸಿಗಡಿ ಇದೆ, ಕೊಂಡಿ ಚಟ್ ಅಂತ ಸಿಡಿಸುತ್ತದೆ, ಲಕ್ಷಗಟ್ಟಲೆ ಸಿಗಡಿ ಒಟ್ಟಿಗೆ ಸಿಡಿಸಿದರೆ ಬಾಣಲೆಯಲ್ಲಿ ಸಾಸಿವೆ ಒಗ್ಗರಣೆ ಹಾಕಿದ ಹಾಗೇ ಕೇಳುತ್ತದೆ, ನಿಲ್ಲುವುದೇ ಇಲ್ಲ. ಅದರ ಮೇಲೆ ಮಳೆ ಬಿದ್ದರೆ ಇನ್ನೊಂದು ಗದ್ದಲ. ಅದರ ಮೇಲೆ ಸರಕು ಹಡಗುಗಳ ಪ್ರೊಪೆಲರ್, ಧಬ್ ಧಬ್ ಧಬ್, ಒಂದೊಂದರ ಲಯ ಒಂದೊಂದು. ಅದೆಷ್ಟು ಹೊತ್ತು ಕೇಳುತ್ತೀರೋ ಅಷ್ಟು ಹೊತ್ತು ಬ್ಲೇಡ್ ಎಷ್ಟು ಅಂತ ಮನಸ್ಸು ತನ್ನಷ್ಟಕ್ಕೇ ಎಣಿಸುತ್ತಿರುತ್ತದೆ. ಆಮೇಲೆ ತಿಮಿಂಗಿಲ. ಹೊಸಬರು ತಿಮಿಂಗಿಲ ಕೇಳಿ ಸೀಟಿನಿಂದ ಎದ್ದು ನಿಂತದ್ದನ್ನು ನೋಡಿದ್ದೇನೆ.

ನಮ್ಮ ಸಮುದ್ರದಲ್ಲಿ ಇನ್ನೊಂದು ಕಷ್ಟ ಇದೆ. ಮೇಲಿನ ನೀರು ಬಿಸಿ, ಸ್ವಲ್ಪ ಕೆಳಗೆ ಹೋದರೆ ಒಮ್ಮೆಲೇ ತಣ್ಣಗಾಗುತ್ತದೆ. ಆ ಗಡಿಯಲ್ಲಿ ಸದ್ದು ಬಾಗಿಹೋಗುತ್ತದೆ. ಮೇಲಿನ ಮೈಕಿಗೆ ಕೆಳಗಿನದ್ದು ಕೇಳದೆ ಹೋಗಬಹುದು. ಸಬ್‌ಮರೀನಿನವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಅವರು ಆ ಗಡಿಯ ಕೆಳಗೆ ಹೋಗಿ ಕೂರುತ್ತಾರೆ. ಅದಕ್ಕೇ ಮೊದಲು ನೀರಿನ ಉಷ್ಣತೆ ಅಳೆಯುವ ಬಾಯ್ ಬಿಟ್ಟು, ಆಮೇಲೆ ಮೈಕು ಎಷ್ಟು ಆಳಕ್ಕೆ ಬೇಕು ಅಂತ ತೀರ್ಮಾನ.

ಹಾಗಾಗಿ ಹತ್ತು ಗಂಟೆ ಏನು ಮಾಡುತ್ತಿದ್ದಿರಿ ಅಂದರೆ, ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದೆವು. ಇಂಥ ಜಾಗದಲ್ಲಿ ಇಂಥ ಹೊತ್ತಿಗೆ ಏನೂ ಇರಲಿಲ್ಲ ಅಂತ ಬರೆದುಕೊಡುವುದೂ ಒಂದು ವರದಿ. ಹಡಗಿನವರು ಅದನ್ನು ನಂಬಿಕೊಂಡೇ ಆ ದಾರಿಯಲ್ಲಿ ಬರುತ್ತಾರೆ.

ವಿಶಾಖಪಟ್ಟಣಕ್ಕೆ ಹೋದರೆ ಆರ್‌ಕೆ ಬೀಚ್ ರಸ್ತೆಯಲ್ಲಿ ಇನ್ನೊಂದು ಟಿಯು ಇದೆ, 2017ರಿಂದ ಮ್ಯೂಸಿಯಂ. ಅದರ ಎದುರಿಗೇ ಕುರ್ಸುರಾ ಸಬ್‌ಮರೀನ್. ಹುಡುಕುವವನನ್ನೂ ಅಡಗುವವನನ್ನೂ ಎದುರುಬದುರು ಕೂರಿಸಿದ್ದಾರೆ, ನಡುವೆ ಐಸ್‌ಕ್ರೀಮ್ ಗಾಡಿ. ಎರಡರ ಒಳಗೂ ಬಿಡುತ್ತಾರೆ.

ಲ್ಯಾಪ್‌ಟಾಪ್_ತಜ್ಞ

ಈಗ ಸ್ಯಾಟಲೈಟ್, ಡ್ರೋನ್ ಎಲ್ಲ ಇರುವಾಗ ಇಷ್ಟು ಜನರನ್ನು ಕೂರಿಸಿಕೊಂಡು ಹಾರುವುದು ವೇಸ್ಟ್ ಅಲ್ವಾ?

ಕಿಟಕಿ_ಸೀಟು

ವೇಸ್ಟ್ ಅನ್ನುವವರನ್ನು ಒಂದು ಸಲ ಹುಡುಕಾಟದ ಹಾರಾಟದಲ್ಲಿ ಕೂರಿಸಬೇಕು. ನಾನು ಕೊಡಗಿನವಳು, ಶಾರ್ಟ್ ಸರ್ವಿಸ್‌ನಲ್ಲಿ ಅಬ್ಸರ್ವರ್ ಆಗಿದ್ದೆ, ಕೊಚ್ಚಿಯಲ್ಲಿ ಡಾರ್ನಿಯರ್. ಟಿಯು ಐಎಲ್ ಹಿರಿಯರ ಮುಂದೆ ನಮ್ಮದು ಮಿನಿ ಬಸ್ಸು. ಕಾನ್ಪುರದ ಎಚ್‌ಎಎಲ್‌ನಲ್ಲಿ ತಯಾರಾಗುವ ವಿಮಾನ, ಎರಡೇ ಇಂಜಿನ್, ಒಳಗೆ ಪ್ರೆಶರ್ ವ್ಯವಸ್ಥೆಯೂ ಇಲ್ಲ.

2017ರ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಮೀನುಗಾರರು ನೂರಾರು ಜನ ಸಮುದ್ರದಲ್ಲೇ ಉಳಿದುಬಿಟ್ಟರು. ನೌಕಾಪಡೆ, ಕೋಸ್ಟ್ ಗಾರ್ಡ್ ವಿಮಾನಗಳು ದಿನವೂ ಹೋಗುತ್ತಿದ್ದವು. ಕಳೆದುಹೋದ ದೋಣಿ ಹುಡುಕುವುದಕ್ಕೆ ಒಂದು ಕ್ರಮ ಇದೆ. ಕೊನೆಯದಾಗಿ ಎಲ್ಲಿತ್ತು ಅಂತ ಗೊತ್ತಿರುವ ಜಾಗದಿಂದ ಶುರು ಮಾಡಿ ಚೌಕಾಕಾರದಲ್ಲಿ ಸುತ್ತುತ್ತಾ ಚೌಕವನ್ನು ದೊಡ್ಡದು ಮಾಡುತ್ತಾ ಹೋಗುವುದು. ಗಾಳಿ ಯಾವ ಕಡೆ, ನೀರಿನ ಸೆಳೆತ ಯಾವ ಕಡೆ ಅಂತ ಲೆಕ್ಕ ಹಾಕಿ ಆ ಜಾಗವನ್ನೇ ಸರಿಸುತ್ತಾ ಇರಬೇಕು.

ಮರದ ಸಣ್ಣ ದೋಣಿ ರಾಡಾರಿಗೆ ಸರಿಯಾಗಿ ಸಿಗುವುದಿಲ್ಲ, ಅದರಲ್ಲೂ ಅಲೆ ದೊಡ್ಡದಿದ್ದರೆ. ಕಣ್ಣೇ ಗತಿ. ಅಲೆ ಒಡೆದ ಕಡೆಯೆಲ್ಲ ಬಿಳಿ ನೊರೆ, ಪ್ರತಿ ನೊರೆಯೂ ದೋಣಿಯಾಗಿ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಕಣ್ಣು ಸೋಲುತ್ತದೆ, ನೋಡುತ್ತಿರುತ್ತೀರಿ, ಆದರೆ ಏನೂ ಕಾಣಿಸುತ್ತಿರುವುದಿಲ್ಲ. ಅದಕ್ಕೇ ಕಿಟಕಿಯಲ್ಲಿ ಕೂರುವವರನ್ನು ಬದಲಿಸುತ್ತಾ ಇರುತ್ತಿದ್ದೆವು. ಒಂದು ದೋಣಿಯಲ್ಲಿ ಯಾರೋ ಕೆಂಪು ಬಕೆಟ್ ಎತ್ತಿ ಆಡಿಸುತ್ತಿದ್ದರು. ದೋಣಿ ಕಾಣಲಿಲ್ಲ, ಬಕೆಟ್ ಕಂಡಿತು. ನೀಲಿ ಟಾರ್ಪಾಲ್ ಹೊದ್ದುಕೊಂಡವರು ಮೇಲಿನಿಂದ ಕಾಣುವುದೇ ಇಲ್ಲ, ಮೀನುಗಾರರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಕಿತ್ತಳೆ ಬಣ್ಣದ್ದು ಇಟ್ಟುಕೊಳ್ಳಿ.

2018ರ ಸೆಪ್ಟೆಂಬರ್‌ನಲ್ಲಿ, ಒಬ್ಬರೇ ದೋಣಿಯಲ್ಲಿ ಭೂಮಿ ಸುತ್ತುವ ಪಂದ್ಯದಲ್ಲಿದ್ದ ನೌಕಾಪಡೆಯ ಅಭಿಲಾಷ್ ಟೋಮಿ ಅವರ ಹಾಯಿದೋಣಿಯ ಕಂಬ ಬಿರುಗಾಳಿಗೆ ಮುರಿದು, ಬೆನ್ನಿಗೆ ಪೆಟ್ಟಾಗಿ ಮಲಗಿದ್ದಾಗ ಅವರನ್ನು ಹುಡುಕಿದ್ದೂ ಮಾರಿಷಸ್‌ನಿಂದ ಹಾರಿದ ನಮ್ಮ ಪಿ-8ಐ ಗಸ್ತು ವಿಮಾನ. ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದ ಜಾಗ. ಆಮೇಲೆ ಫ್ರೆಂಚ್ ಹಡಗೊಂದು ಹೋಗಿ ಅವರನ್ನು ಎತ್ತಿಕೊಂಡಿತು. ಅವರೂ ಡಾರ್ನಿಯರ್ ಪೈಲಟ್ಟೇ. ತಾವು ಎಷ್ಟು ಸಣ್ಣದಾಗಿ ಕಾಣುತ್ತಿರಬಹುದು ಅಂತ ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು, ಪಾಪ.

ಡ್ರೋನ್ ಬೇಡ ಅಂತ ನಾನು ಹೇಳುತ್ತಿಲ್ಲ. 2020ರಿಂದ ಅರಕ್ಕೋಣಂನಿಂದಲೇ ಸೀ ಗಾರ್ಡಿಯನ್ ಡ್ರೋನ್ ಹಾರಿಸುತ್ತಿದ್ದಾರೆ, ಜಾಸ್ತಿ ಹೊತ್ತು ಮೇಲಿರುತ್ತವೆ, ಒಳ್ಳೆಯದೇ. ಅದರ ಪರದೆ ಮುಂದೆಯೂ ಕೂರುವವರು ಮನುಷ್ಯರೇ ಅಲ್ವಾ.

ಜಾಲಹಳ್ಳಿ_ಅಂಕಲ್

ಬೆಂಗಳೂರಿನ ಪಾಲನ್ನೂ ಒಂದು ಸಾಲು ಸೇರಿಸುತ್ತೇನೆ. ಪಿ-8ಐ ಅಮೆರಿಕದ್ದು, ಬೋಯಿಂಗ್ 737ರ ಮೈ, 2013ರಲ್ಲಿ ಬಂತು. ಆದರೆ ಅದು ನಮ್ಮ ಹಡಗುಗಳ ಜೊತೆ ಮಾತಾಡುವ ಡೇಟಾ ಲಿಂಕ್ ಬಿಇಎಲ್‌ನದ್ದು. ಆಯುಧ ಇಡುವ ಹೊಟ್ಟೆಯ ಬಾಗಿಲು ಎಚ್‌ಎಎಲ್‌ನದ್ದು. ಅಷ್ಟೇ, ನೀವು ಮುಂದುವರಿಸಿ.

ವಾಸ್ಕೊ_ರಿಟರ್ನ್

ಪಿ-8ಐದಲ್ಲಿ ಬಿಸಿ ಊಟಕ್ಕೆ ಓವನ್ ಇದೆಯಂತೆ. ಸರಿಯಾದ ಟಾಯ್ಲೆಟ್ಟೂ ಇದೆಯಂತೆ. ಅದಕ್ಕೇನು ಹೇಳುತ್ತೀರಿ ಹಾಸನದ ಸರ್?

ಹಳೇ_ಏರ್‌ಕ್ರೂ

ಹೊಟ್ಟೆ ಉರಿಯುತ್ತದೆ ಅಂತ ಹೇಳುತ್ತೇನೆ.

ಅಪ್ಪನ_ಮಗಳು

ನಮಸ್ಕಾರ. ನಮ್ಮ ಅಪ್ಪ ಟಿಯುದಲ್ಲಿ ಇದ್ದರು, ಈಗ ಇಲ್ಲ. ನಾವು ಸಣ್ಣವರಿದ್ದಾಗ ಅರಕ್ಕೋಣಂ ಕ್ವಾರ್ಟರ್ಸ್‌ನಲ್ಲಿದ್ದೆವು. ವಿಮಾನ ಹೊರಟರೆ ಅಮ್ಮ ಒಲೆ ಮುಂದಿನಿಂದಲೇ "ಹೊರಟರು" ಅನ್ನುತ್ತಿದ್ದಳು, ಪಾತ್ರೆ ಸ್ಟ್ಯಾಂಡಿನ ಲೋಟಗಳೆಲ್ಲ ಗಲಗಲ ಅನ್ನುತ್ತಿದ್ದವು. ಅಪ್ಪ ಮನೆಯಲ್ಲಿ ಕೆಲಸದ ವಿಷಯ ಏನೂ ಹೇಳುತ್ತಿರಲಿಲ್ಲ. ಬೀರುವಿನಲ್ಲಿ ಅವರ ಲಾಗ್‌ಬುಕ್ ಸಿಕ್ಕಿದೆ. ಪುಟಪುಟವೂ ಅಂಕಿ, ಎರಡು ಮೂರು ಅಕ್ಷರದ ಗುಟ್ಟುಗಳು. ಕೆಲವು ಕಡೆ ಕೆಂಪು ಶಾಯಿ. ಕೆಂಪು ಅಂದರೆ ಏನಾದರೂ ತೊಂದರೆ ಆಗಿತ್ತಾ?

ಹಳೇ_ಏರ್‌ಕ್ರೂ

ಅಯ್ಯೋ ತೊಂದರೆ ಏನಲ್ಲಮ್ಮ. ಕೆಂಪು ಅಂದರೆ ರಾತ್ರಿ ಹಾರಿದ ಗಂಟೆಗಳು. ಹಗಲಿನದ್ದು ನೀಲಿ ಅಥವಾ ಕಪ್ಪು. ಎಡಗಡೆ ತಾರೀಖು, ವಿಮಾನದ ನಂಬರು, ಕ್ಯಾಪ್ಟನ್ ಹೆಸರು ಇರುತ್ತದೆ. ಎಂ.ಆರ್. ಅಂತ ಇದ್ದರೆ ಸಮುದ್ರ ಗಸ್ತು, ಎ.ಎಸ್.ಡಬ್ಲ್ಯೂ. ಅಂದರೆ ಸಬ್‌ಮರೀನ್ ಹುಡುಕಾಟ, ಎಸ್.ಎ.ಆರ್. ಅಂದರೆ ಕಳೆದುಹೋದವರನ್ನು ಹುಡುಕಿದ್ದು. ಒಂದೇ ದಿನ ಸಣ್ಣ ಸಣ್ಣ ಹೊತ್ತು ಬರೆದಿದ್ದರೆ ಅದು ಅಭ್ಯಾಸ, ಏರುವುದು ಇಳಿಯುವುದು. ತಿಂಗಳ ಕೊನೆಗೆ ಒಟ್ಟು ಕೂಡಿಸಿ ಮೇಲಿನವರ ಸಹಿ ಇರುತ್ತದೆ.

1988ರ ನವೆಂಬರ್ ಪುಟ ಇದ್ದರೆ ನೋಡಿ. ಆಗ ಮಾಲ್ಡೀವ್ಸ್‌ನಲ್ಲಿ ಸರ್ಕಾರ ಉರುಳಿಸಲು ಬಂದವರು ಪ್ರೋಗ್ರೆಸ್ ಲೈಟ್ ಅನ್ನುವ ಹಡಗಿನಲ್ಲಿ ಒತ್ತೆಯಾಳುಗಳ ಸಮೇತ ಓಡಿಹೋಗುತ್ತಿದ್ದರು. ಐಎನ್‌ಎಸ್ ಗೋದಾವರಿ, ಬೇತ್ವಾ ಹೋಗಿ ಹಿಡಿಯುವ ತನಕ ಅದರ ಬೆನ್ನು ಬಿಡದೆ ಇದ್ದದ್ದು ನಮ್ಮ ಗಸ್ತು ವಿಮಾನಗಳು. ಆ ವಾರ ಅವರು ಹಾರಿದ್ದರೆ ಗಂಟೆ ದೊಡ್ಡದಾಗಿರುತ್ತದೆ, ಕೆಂಪೂ ಜಾಸ್ತಿ ಇರುತ್ತದೆ.

ಪುಟದ ಫೋಟೊ ಹಾಕಿದರೆ ಇನ್ನೂ ಸರಿಯಾಗಿ ಹೇಳಬಹುದು. ಆದರೆ ಇಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಹೆಸರು, ಸಹಿ ಇರುವ ಕಡೆ ಕಾಗದ ಮುಚ್ಚಿ ತೆಗೆಯಿರಿ.

ಅಪ್ಪನ_ಮಗಳು

1988ರ ನವೆಂಬರ್ ಇದೆ ಸರ್. ಪುಟ ಪೂರ್ತಿ ಕೆಂಪೇ. ಮೆಸೇಜ್ ಮಾಡಿದ್ದೇನೆ.